ಎರಡನೇ ಸಲ ಜಪಾನ್: ದುರ್ಗದಿಂದ ಹೋಗಿ ದುರ್ಗಕ್ಕೆ ಬರುವ ದಾರಿ

ಮೊದಲ ಸಲ ಜಪಾನಿಗೆ ಹೋದ ನಮ್ಮ ಕಡೆಯ ದಂಪತಿಗಳು ಹೆಚ್ಚುಕಡಿಮೆ ಒಂದೇ ದಾರಿಯಲ್ಲಿ ಹೋಗಿ ಬಂದಿರುತ್ತಾರೆ. ಟೂರ್ ಕಂಪನಿಯ ಗುಂಪು, ಗುಂಪಿನ ಜೊತೆಗೆ ಅಡುಗೆಯವರು, ಟೋಕಿಯೊ, ಫ್ಯೂಜಿ ಪರ್ವತದ ತಪ್ಪಲು, ಕ್ಯೋಟೊ, ಒಸಾಕಾ. ಬೆಳಿಗ್ಗೆ ಬಸ್ಸಿಗೆ ಹತ್ತಿಸಿದರೆ ಸಂಜೆ ಹೋಟೆಲಿಗೆ ಇಳಿಸುತ್ತಾರೆ. ಊರಿಗೆ ಬಂದ ಮೇಲೆ ನೆನಪಿನಲ್ಲಿ ಉಳಿಯುವುದು ಬುಲೆಟ್ ರೈಲು, ಎಲ್ಲೂ ಕಾಣದ ಕಸ, ಮತ್ತು ಸರಿಯಾಗಿ ನೋಡಲಾಗಲಿಲ್ಲ ಎಂಬ ಕೊರಗು. ಆ ಕೊರಗಿದ್ದವರು ಎರಡನೇ ಸಲ ತಾವಿಬ್ಬರೇ ಹೊರಡುತ್ತಾರೆ. ಈ ಲೇಖನ ಅವರಿಗಾಗಿ. ಹಾಗೆ ಎರಡನೇ ಸಲ ಹೋದ ಕನ್ನಡಿಗರಲ್ಲಿ ದೊಡ್ಡ ಹೆಸರು ವಿಶ್ವೇಶ್ವರಯ್ಯನವರದು. 1898ರಲ್ಲಿ ಒಮ್ಮೆ ಹೋಗಿದ್ದರು, 1919ರಲ್ಲಿ ಮತ್ತೆ ಹೋದರು. ಅವರು ನೋಡಿದ್ದು ಕಾರ್ಖಾನೆ, ಶಾಲೆಗಳನ್ನು. ನಾವು ಅಷ್ಟು ದುಡಿಯಬೇಕಾಗಿಲ್ಲ.

ಸ್ವಂತವಾಗಿ ಹೊರಡುವವರು ಯೋಜನೆಯನ್ನು ಎಲ್ಲಿಂದ ಶುರು ಮಾಡಬೇಕು? ನನ್ನ ಪ್ರಕಾರ ವಾಪಸು ಬರುವ ದಿನದಿಂದ. ಹೋಗುವಾಗ ಹುರುಪಿರುತ್ತದೆ, ಮಕ್ಕಳು ಏರ್‌ಪೋರ್ಟ್‌ವರೆಗೆ ಬಂದು ಬಿಡುತ್ತಾರೆ. ಬರುವಾಗ ಒಂಬತ್ತು ಹತ್ತು ತಾಸಿನ ವಿಮಾನ ಇಳಿದು, ನಾಲ್ಕು ಬ್ಯಾಗ್ ತಳ್ಳಿಕೊಂಡು, ಅಲ್ಲಿಂದ ಇನ್ನೂ ಇನ್ನೂರು ಕಿಲೋಮೀಟರ್ ಬರಬೇಕು. ಬೆಂಗಳೂರಿನವರಿಗೆ ವಿಮಾನ ಇಳಿದಲ್ಲಿಗೆ ಪ್ರವಾಸ ಮುಗಿಯುತ್ತದೆ. ಹಿರಿಯೂರು, ಹೊಳಲ್ಕೆರೆ, ಹೊಸದುರ್ಗದವರಿಗೆ ಮುಗಿಯುವುದಿಲ್ಲ. ಆ ಕೊನೆಯ ದಿನವನ್ನು ಮೊದಲು ಗಟ್ಟಿ ಮಾಡಿಕೊಂಡು, ಅಲ್ಲಿಂದ ಹಿಂದಕ್ಕೆ ಎಣಿಸುತ್ತ ಹೋದರೆ ಉಳಿದದ್ದೆಲ್ಲ ತಾನಾಗಿ ಕೂಡಿಬರುತ್ತದೆ.

ಯಾವ ತಿಂಗಳು

ಪುಸ್ತಕಗಳೆಲ್ಲ ಹೇಳುವುದು ಎರಡೇ ಕಾಲ: ಮಾರ್ಚ್ ಕೊನೆಯಿಂದ ಏಪ್ರಿಲ್ ಮೊದಲ ವಾರದವರೆಗೆ ಚೆರ್ರಿ ಹೂವು, ನವೆಂಬರಿನಲ್ಲಿ ಕೆಂಪೆಲೆ. ಎರಡೂ ನಮಗೆ ಒಗ್ಗುವುದಿಲ್ಲ. ಚೆರ್ರಿ ಅರಳುವ ಹೊತ್ತಿಗೆ ಯುಗಾದಿ ಬಂದಿರುತ್ತದೆ, ನಾಯಕನಹಟ್ಟಿ ಜಾತ್ರೆಯೂ ಅದೇ ಆಸುಪಾಸು. ನವೆಂಬರ್ ಎಂದರೆ ಹೊಳಲ್ಕೆರೆ, ಹೊಸದುರ್ಗದ ತೋಟದವರಿಗೆ ಅಡಿಕೆ ಕೊಯ್ಲು, ಬೇಯಿಸುವುದು, ಒಣಗಿಸುವುದು. ಮಳೆಯಾಶ್ರಯದವರಿಗೆ ಶೇಂಗಾ ಒಕ್ಕಣೆ. ಜೊತೆಗೆ ಆ ಎರಡು ಕಾಲದಲ್ಲಿ ಹೋಟೆಲ್ ದರ ಆಕಾಶಕ್ಕೇರುತ್ತದೆ, ಕ್ಯೋಟೊದಲ್ಲಿ ಕಾಲಿಡಲು ಜಾಗವಿರುವುದಿಲ್ಲ.

ನಾನು ಹೇಳುವುದು ಮೇ ತಿಂಗಳ ಎರಡನೇ ವಾರದಿಂದ ತಿಂಗಳ ಕೊನೆಯವರೆಗಿನ ದಿನಗಳನ್ನು. ಏಪ್ರಿಲ್ 29ರಿಂದ ಮೇ 5ರ ಸುತ್ತಮುತ್ತ ಜಪಾನಿಗರಿಗೆ ಸಾಲು ರಜೆ, ಗೋಲ್ಡನ್ ವೀಕ್. ಆಗ ಅವರೇ ಊರೂರು ಸುತ್ತುತ್ತಿರುತ್ತಾರೆ. ಅದು ಮುಗಿದ ಮೇಲೆ ದರ ಇಳಿಯುತ್ತದೆ. ಅವರ ಮಳೆಗಾಲ ಜೂನ್ ಮೊದಲ ವಾರದ ಹೊತ್ತಿಗೆ ಹಿಡಿಯುತ್ತದೆ. ನಡುವಿನ ಈ ಮೂರು ವಾರ ಹವೆ ಹಿತವಾಗಿರುತ್ತದೆ, ಸ್ವೆಟರ್ ಹೊರೆ ಇಲ್ಲ. ನಮ್ಮಲ್ಲೂ ಆಗ ಹೊಲದಲ್ಲಿ ದೊಡ್ಡ ಕೆಲಸವಿಲ್ಲ, ಮುಂಗಾರು ಹಿಡಿಯುವಷ್ಟರಲ್ಲಿ ವಾಪಸು ಬಂದಿರಬಹುದು. ದಾಳಿಂಬೆ ತೋಟ ಇದ್ದವರು ಮಾತ್ರ ಡ್ರಿಪ್ ಮತ್ತು ಔಷಧಿಯ ಸರದಿ ನೋಡಿಕೊಳ್ಳಲು ತಿಳಿದವರೊಬ್ಬರನ್ನು ಗೊತ್ತು ಮಾಡದೆ ಹೊರಡಬಾರದು. ಫೋನಿನಲ್ಲೇ ನಡೆಸುತ್ತೇನೆ ಎಂದು ಹೊರಟರೆ ರಜೆಯೂ ಇಲ್ಲ, ಬೆಳೆಯೂ ಇಲ್ಲ. ಅಲ್ಲಿಯ ಗಡಿಯಾರ ನಮಗಿಂತ ಮೂರೂವರೆ ತಾಸು ಮುಂದೆ. ನೀವು ಮಲಗುವ ಹೊತ್ತಿಗೆ ಇಲ್ಲಿ ಮೋಟರ್ ಕೆಟ್ಟ ಸುದ್ದಿ ಬರುತ್ತದೆ.

ಕಾಗದಪತ್ರ

ಮೊದಲ ಸಲ ಎಲ್ಲವನ್ನೂ ಏಜೆಂಟ್ ನೋಡಿಕೊಂಡಿದ್ದರಿಂದ ಈ ಭಾಗ ಹೊಸದು ಎನಿಸಬಹುದು. ಕಷ್ಟವೇನಿಲ್ಲ. ಭಾರತೀಯರಿಗೆ ಪ್ರವಾಸದ ಇ-ವೀಸಾ 2024ರ ಏಪ್ರಿಲ್‌ನಿಂದ ಸಿಗುತ್ತಿದೆ. ಅರ್ಜಿ ಕೊಡುವುದು ವಿಎಫ್‌ಎಸ್ ಕೇಂದ್ರದಲ್ಲಿ, ಬೆಂಗಳೂರಿನಲ್ಲೇ ಆಗುತ್ತದೆ. ಒಂದು ಎಚ್ಚರಿಕೆ: ಈ ವೀಸಾವನ್ನು ವಿಮಾನನಿಲ್ದಾಣದಲ್ಲಿ ಇಂಟರ್ನೆಟ್ ಮೂಲಕ ಫೋನಿನಲ್ಲೇ ತೆರೆದು ತೋರಿಸಬೇಕು. ಪ್ರಿಂಟ್ ಆಗಲಿ ಸ್ಕ್ರೀನ್‌ಶಾಟ್ ಆಗಲಿ ನಡೆಯದು. ಆದ್ದರಿಂದ ಇಬ್ಬರ ಫೋನಿನಲ್ಲೂ ತೆರೆದು ನೋಡಿ ಅಭ್ಯಾಸ ಮಾಡಿಕೊಂಡಿರಿ. ಇದು ಒಂದು ಸಲದ ಪ್ರವೇಶಕ್ಕೆ. ಮತ್ತೆ ಮತ್ತೆ ಹೋಗುವ ಮನಸ್ಸಿದ್ದರೆ ಬಹುಪ್ರವೇಶದ ವೀಸಾ ಕೇಳಬಹುದು; 2018ರ ಜನವರಿಯಿಂದ ಅದರ ನಿಯಮ ಸಡಿಲವಾಗಿದೆ, ಮೊದಲ ಪ್ರವಾಸದ ವೀಸಾ ಮತ್ತು ಸೀಲು ಇರುವ ಹಳೆಯ ಪಾಸ್‌ಪೋರ್ಟ್ ಇದ್ದರೆ ಅನುಕೂಲ.

ಬೇಸಾಯಗಾರರಿಗೆ ತೊಡಕಾಗುವುದು ಆದಾಯ ತೆರಿಗೆ ರಿಟರ್ನ್. ಕೃಷಿ ಆದಾಯಕ್ಕೆ ತೆರಿಗೆ ಇಲ್ಲವೆಂದು ಎಷ್ಟೋ ಜನ ರಿಟರ್ನ್ ಸಲ್ಲಿಸಿಯೇ ಇರುವುದಿಲ್ಲ. ಆಗ ಬ್ಯಾಂಕ್ ಸ್ಟೇಟ್‌ಮೆಂಟಿನ ಜೊತೆಗೆ ಪಹಣಿ, ಮಂಡಿಯ ಪಟ್ಟಿಗಳನ್ನು ಲಗತ್ತಿಸಿ, ತಾವು ಯಾರು, ಆದಾಯ ಎಲ್ಲಿಂದ, ಯಾಕೆ ವಾಪಸು ಬರಲೇಬೇಕು ಎಂಬುದನ್ನು ಇಂಗ್ಲಿಷಿನಲ್ಲಿ ಒಂದು ಪುಟದ ಪತ್ರವಾಗಿ ಬರೆದು ಕೊಡುವುದು ಒಳ್ಳೆಯದು. ಖಾತೆಗೆ ಹಿಂದಿನ ವಾರ ಯಾರಿಂದಲೋ ತಂದು ದೊಡ್ಡ ಮೊತ್ತ ತುಂಬುವ ಜಾಣತನ ಬೇಡ. ನೋಡುವವರಿಗೆ ಅದು ತಕ್ಷಣ ಕಾಣುತ್ತದೆ.

ಇನ್ನೊಂದು ನಮ್ಮ ಹೆಸರುಗಳ ತೊಂದರೆ. ಆಧಾರ್‌ನಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅದನ್ನು ಬಿಡಿಸಿ ಬರೆದ ಹೆಸರು, ಸರ್‌ನೇಮ್ ಜಾಗ ಖಾಲಿ. ಟಿಕೆಟ್ಟಿನಲ್ಲಿ ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಹೆಸರಿರಬೇಕು. ಮಗನೋ ಮಗಳೋ ಬೆಂಗಳೂರಿನಿಂದ ಬುಕ್ ಮಾಡುವಾಗ ವಾಡಿಕೆಯ ಹೆಸರು ಹಾಕಿಬಿಡುತ್ತಾರೆ, ನೀವೇ ಒಮ್ಮೆ ಅಕ್ಷರ ಅಕ್ಷರ ಹೋಲಿಸಿ ನೋಡಿ. ಜಪಾನಿನ ಇಮಿಗ್ರೇಷನ್ ಮತ್ತು ಕಸ್ಟಮ್ಸ್ ಫಾರಂಗಳನ್ನು ‘ವಿಸಿಟ್ ಜಪಾನ್ ವೆಬ್’ ತಾಣದಲ್ಲಿ ಮನೆಯಲ್ಲೇ ತುಂಬಿದರೆ ಒಂದು ಕ್ಯೂಆರ್ ಕೋಡ್ ಬರುತ್ತದೆ, ಸರದಿ ಬೇಗ ಕರಗುತ್ತದೆ.

ಔಷಧಿಯ ಲೆಕ್ಕ ಗಮನದಲ್ಲಿರಲಿ: ವೈದ್ಯರು ಬರೆದುಕೊಟ್ಟ ಮಾತ್ರೆ ಒಂದು ತಿಂಗಳಿಗಾಗುವಷ್ಟು, ಅಂಗಡಿಯಲ್ಲಿ ನೇರ ಸಿಗುವಂಥದ್ದು ಎರಡು ತಿಂಗಳಿಗಾಗುವಷ್ಟನ್ನು ಅನುಮತಿ ಪತ್ರವಿಲ್ಲದೆ ಒಯ್ಯಬಹುದು. ಬಿಪಿ, ಶುಗರ್ ಮಾತ್ರೆಗಳನ್ನು ಅವುಗಳ ಪಟ್ಟಿಯಲ್ಲೇ, ಚೀಟಿಯ ಸಮೇತ, ಕೈಚೀಲದಲ್ಲಿ ಇಟ್ಟುಕೊಳ್ಳಿ. ನೆಗಡಿಯ ಮಾತ್ರೆಗಳಲ್ಲಿ ಸ್ಯೂಡೊಎಫೆಡ್ರಿನ್, ಕೆಮ್ಮಿನ ಸಿರಪ್ಪಿನಲ್ಲಿ ಕೊಡೀನ್ ಇದೆಯೇ ಎಂದು ಮೆಡಿಕಲ್ ಶಾಪಿನಲ್ಲಿ ಕೇಳಿ. ಅಲ್ಲಿ ಅವುಗಳ ಮೇಲೆ ಬಿಗಿ ನಿಯಮವಿದೆ.

ಎಲ್ಲಿಗೆ: ಕೆರೆಗಳ ನಾಡು

ಎರಡನೇ ಸಲವೂ ಕ್ಯೋಟೊ ಒಸಾಕಾ ಎಂದು ಓಡುವುದರಲ್ಲಿ ಅರ್ಥವಿಲ್ಲ. ಟೋಕಿಯೊದಲ್ಲಿ ಒಂದೆರಡು ದಿನ ತಂಗಿ ಸುಧಾರಿಸಿಕೊಂಡು, ಶಿಕೊಕು ದ್ವೀಪದ ಕಗಾವಾ ಪ್ರಾಂತಕ್ಕೆ ಹೋಗಿ. ಜಪಾನಿನ ಅತಿ ಚಿಕ್ಕ ಪ್ರಾಂತ ಅದು. ಗುಂಪು ಪ್ರವಾಸದವರು ಅಲ್ಲಿಗೆ ಕಾಲಿಡುವುದು ಕಡಿಮೆ. ಆದರೆ ಚಿತ್ರದುರ್ಗ ಜಿಲ್ಲೆಯವರಿಗೆ ಜಪಾನಿನಲ್ಲಿ ತಮ್ಮದೆನಿಸುವ ಜಾಗ ಯಾವುದಾದರೂ ಇದ್ದರೆ ಇದೇ.

ಯಾಕೆಂದರೆ ಕಗಾವಾ ಜಪಾನಿನ ಲೆಕ್ಕದಲ್ಲಿ ಒಣ ನಾಡು. ದಕ್ಷಿಣಕ್ಕೂ ಉತ್ತರಕ್ಕೂ ಬೆಟ್ಟಗಳು ಮಳೆಯನ್ನು ತಡೆಯುತ್ತವೆ, ದೊಡ್ಡ ನದಿಯಿಲ್ಲ. ವರ್ಷಕ್ಕೆ ಬೀಳುವುದು 1,100 ಮಿಲಿಮೀಟರ್ ಆಸುಪಾಸು. ಹಿರಿಯೂರಿನವರು ಇದನ್ನು ಕೇಳಿ ನಕ್ಕಾರು, ನಮಗೆ ಅದರ ಅರ್ಧ ಬಿದ್ದರೆ ಹಬ್ಬ. ಅಷ್ಟು ಮಳೆಯನ್ನೇ ಬರ ಎಂದುಕೊಂಡ ಅಲ್ಲಿಯ ರೈತರು ಸಾವಿರ ವರ್ಷಕ್ಕೂ ಹಿಂದಿನಿಂದ ಕೆರೆ ಕಟ್ಟುತ್ತ ಬಂದರು. ಇಂದಿಗೂ ಆ ಪುಟ್ಟ ಪ್ರಾಂತದಲ್ಲಿ ಹತ್ತು ಸಾವಿರಕ್ಕೂ ಮೀರಿದ ಕೆರೆಗಳಿವೆ. ಅವುಗಳಲ್ಲಿ ದೊಡ್ಡದು ಮನ್ನೊ-ಇಕೆ. ಎಂಟನೇ ಶತಮಾನದ ಆದಿಯಲ್ಲಿ ಕಟ್ಟಿದ್ದು, ಏರಿ ಒಡೆದಾಗ 821ರಲ್ಲಿ ಅದನ್ನು ದುರಸ್ತಿ ಮಾಡಿಸಿದವನು ಕೂಕಾಯಿ ಎಂಬ ಬೌದ್ಧ ಸನ್ಯಾಸಿ. ಸನ್ಯಾಸಿಗೂ ಕೆರೆಗೂ ಏನು ಸಂಬಂಧ ಎಂದು ಸಿರಿಗೆರೆ, ಸಾಣೇಹಳ್ಳಿ ಕಡೆಯವರು ಕೇಳಲಾರರು. ಜೂನ್ ಮಧ್ಯದಲ್ಲಿ ಆ ಕೆರೆಯ ತೂಬು ತೆಗೆದು ಗದ್ದೆಗೆ ನೀರು ಬಿಡುವುದು ಅಲ್ಲಿ ಇಂದಿಗೂ ಊರಿನ ಸಮಾರಂಭ. ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಕಟ್ಟಿ ಮುಗಿಸಿದ ಮಾರಿಕಣಿವೆ 1933ರ ನಂತರ 2022ರಲ್ಲಿ ಕೋಡಿ ಬಿದ್ದಾಗ ಜಿಲ್ಲೆಗೆ ಜಿಲ್ಲೆಯೇ ನೋಡಲು ಹೋಗಿತ್ತಲ್ಲ, ನೀರನ್ನು ನೋಡಲು ಹೋಗುವ ಆ ಚಟ ಅವರಿಗೂ ಇದೆ.

ಅದೇ ಪ್ರಾಂತದ ಮರುಗಾಮೆ ಊರಿನ ಕೋಟೆಯನ್ನು ದುರ್ಗದವರು ಬಿಡಬಾರದು. ಮೇಲಿನ ಮರದ ಗೋಪುರ ಮೂರೇ ಅಂತಸ್ತಿನದು, 1660ರದು. ಜಪಾನಿನಲ್ಲಿ ಹಳೆಯ ರೂಪದಲ್ಲೇ ಉಳಿದಿರುವ ಹನ್ನೆರಡು ಕೋಟೆ ಗೋಪುರಗಳಲ್ಲಿ ಒಂದು. ಆದರೆ ನೋಡಬೇಕಾದ್ದು ಗೋಪುರವನ್ನಲ್ಲ, ಕೆಳಗಿನ ಕಲ್ಲಿನ ಗೋಡೆಗಳನ್ನು. ಮೆಟ್ಟಿಲು ಮೆಟ್ಟಿಲಾಗಿ ಒಟ್ಟು ಅರವತ್ತು ಮೀಟರ್‌ನಷ್ಟು ಏರುವ, ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂಡಿಸಿದ ಗೋಡೆ. 2018ರ ಮಳೆಗಾಲದಲ್ಲಿ ಅದರ ಒಂದು ಮೂಲೆ ಕುಸಿಯಿತು. ಬಿದ್ದ ಕಲ್ಲುಗಳಿಗೆ ಒಂದೊಂದಕ್ಕೂ ನಂಬರು ಹಾಕಿ, ಇದ್ದ ಜಾಗಕ್ಕೇ ಕೂಡಿಸುವ ಕೆಲಸವನ್ನು ಅವರು ವರ್ಷಗಟ್ಟಲೆ ಮಾಡಿದ್ದಾರೆ. ನಮ್ಮ ಏಳುಸುತ್ತಿನ ಕೋಟೆಯ ಉದುರಿದ ಕಲ್ಲುಗಳನ್ನು ನೋಡಿ ಬೆಳೆದವರಿಗೆ ಅದರಲ್ಲಿ ನೋಡುವುದು ಬಹಳವಿದೆ.

ಹತ್ತಲು ಇಷ್ಟವಿದ್ದವರಿಗೆ ಕೊತೊಹಿರಾದ ಕೊಂಪಿರಾ ದೇಗುಲ. ಮುಖ್ಯ ಗುಡಿಗೆ 785 ಮೆಟ್ಟಿಲು. ಮಂಡಿನೋವಿದ್ದವರು ಕೆಳಗಿನ ಬೀದಿಯಲ್ಲೇ ಉಳಿಯಬಹುದು, ಅಲ್ಲೂ ಹೊತ್ತು ಹೋಗುತ್ತದೆ. ತಕಾಮತ್ಸು ನಗರದ ರಿತ್ಸುರಿನ್ ಉದ್ಯಾನಕ್ಕೆ ಬೆಳಿಗ್ಗೆ ಬೇಗ ಹೋಗಿ. ನವೊಶಿಮಾ ದ್ವೀಪದ ಕಲಾ ಮ್ಯೂಸಿಯಮ್ಮುಗಳಿಗೆ ಅಲ್ಲಿಂದಲೇ ದೋಣಿ ಇದೆ. ಆ ರುಚಿ ಇದ್ದವರಿಗೆ ಒಂದು ದಿನ.

ಟೋಕಿಯೊದಿಂದ ಕಗಾವಾಕ್ಕೆ ಹೋಗಲು ಎರಡು ದಾರಿ. ಶಿಂಕಾನ್‌ಸೆನ್‌ನಲ್ಲಿ ಒಕಯಾಮಾವರೆಗೆ ಮೂರು ಗಂಟೆ ಚಿಲ್ಲರೆ, ಅಲ್ಲಿಂದ 1988ರಲ್ಲಿ ತೆರೆದ ಸೇತೊ ಸೇತುವೆಯ ಮೇಲೆ ಸಮುದ್ರ ದಾಟುವ ರೈಲಿನಲ್ಲಿ ತಕಾಮತ್ಸುಗೆ ಒಂದು ಗಂಟೆ. ಇನ್ನೊಂದು ‘ಸನ್‌ರೈಸ್ ಸೇತೊ’ ಎಂಬ ರಾತ್ರಿ ರೈಲು. ಟೋಕಿಯೊದಲ್ಲಿ ರಾತ್ರಿ ಹತ್ತು ಗಂಟೆಯ ಸುಮಾರಿಗೆ ಹತ್ತಿ ಮಲಗಿದರೆ ಬೆಳಿಗ್ಗೆ ತಕಾಮತ್ಸು. ಜಪಾನಿನಲ್ಲಿ ಮಲಗಿ ಹೋಗುವ ರೈಲುಗಳು ಈಗ ಉಳಿದಿರುವುದು ಬಹಳ ಕಡಿಮೆ. ಟಿಕೆಟ್ ಒಂದು ತಿಂಗಳ ಮುಂಚೆ ಬಿಡುಗಡೆಯಾಗುತ್ತದೆ, ಬಿಸಿ ದೋಸೆ ಖರ್ಚಾದ ಹಾಗೆ ಮುಗಿಯುತ್ತದೆ.

ರೈಲು ಪಾಸು ಕೊಳ್ಳಬೇಡಿ. ಹಿಂದಿನ ಸಲ ಕೊಂಡಿದ್ದೆವು ಎಂಬ ಅಭ್ಯಾಸಬಲದಿಂದ ಹಲವರು ಕೊಳ್ಳುತ್ತಾರೆ. 2023ರ ಅಕ್ಟೋಬರ್‌ನಲ್ಲಿ ಏಳು ದಿನದ ಪಾಸಿನ ದರವನ್ನು 29,650 ಯೆನ್‌ನಿಂದ ಒಮ್ಮೆಗೇ 50,000ಕ್ಕೆ ಏರಿಸಿದರು. ಟೋಕಿಯೊದಿಂದ ಒಕಯಾಮಾಕ್ಕೆ ಒಂದು ಕಡೆಯ ಟಿಕೆಟ್ 17,500 ಯೆನ್ ಆಸುಪಾಸು. ಈ ಲೇಖನದ ದಾರಿ ಹಿಡಿದವರಿಗೆ ಬಿಡಿ ಟಿಕೆಟ್ಟೇ ಅಗ್ಗ. ಇತ್ತೀಚಿನ ವರ್ಷಗಳಲ್ಲಿ ನೂರು ಯೆನ್‌ಗೆ ಐವತ್ತೈದರಿಂದ ಅರವತ್ತೈದು ರೂಪಾಯಿ ಬೀಳುತ್ತಿದೆ, ಲೆಕ್ಕ ಹಾಕಿಕೊಳ್ಳಿ.

ಊಟದ ಮಾತು

ಅಡುಗೆಯವರಿಲ್ಲದ ಪ್ರವಾಸದಲ್ಲಿ ಸಸ್ಯಾಹಾರಿಗಳ ಚಿಂತೆ ಇದೇ. ಜಪಾನಿನಲ್ಲಿ ಮಾಂಸದ ತುಂಡು ಕಣ್ಣಿಗೆ ಕಾಣುತ್ತದೆ, ಬಿಡಬಹುದು. ಕಾಣದೆ ಬರುವುದು ‘ದಾಶಿ’, ಅಂದರೆ ಒಣಮೀನು ಕುದಿಸಿದ ಸಾರು. ಕಗಾವಾದ ಹೆಸರಾಂತ ಉದೋನ್ ನೂಡಲ್ಸ್ ಬರಿ ಗೋಧಿಯದು, ನೀರು ಕಡಿಮೆಯಾಗಿ ಭತ್ತಕ್ಕಿಂತ ಗೋಧಿ ನೆಚ್ಚಿಕೊಂಡ ನಾಡಿನ ತಿಂಡಿ. ಆದರೆ ಅದರ ಸಾರು ಒಣ ಸಣ್ಣಮೀನಿನದು. ಸಾರಿಲ್ಲದೆ ಬೆಂದ ನೂಡಲ್ಸ್ ಮಾತ್ರ ಕೇಳಿ ಪಡೆದು, ಮೇಲೆ ಶೇಂಗಾ ಚಟ್ನಿಪುಡಿ ಉದುರಿಸಿಕೊಂಡರೆ ಎರಡೂ ಒಣ ನಾಡುಗಳು ಒಂದು ಬಟ್ಟಲಿನಲ್ಲಿ ಸೇರುತ್ತವೆ. ರುಚಿ ಚೆನ್ನಾಗಿಯೇ ಇರುತ್ತದೆ. ‘ನಿಕು ಮೊ ಸಕಾನಾ ಮೊ ತಬೆಮಾಸೆನ್’ ಎಂದರೆ ಮಾಂಸವನ್ನೂ ಮೀನನ್ನೂ ತಿನ್ನುವುದಿಲ್ಲ ಎಂದು. ‘ದಾಶಿ ಮೊ ದಮೆ ದೆಸು’ ಎಂದರೆ ದಾಶಿಯೂ ಆಗದು ಎಂದು. ಇವೆರಡನ್ನು ಜಪಾನಿ ಲಿಪಿಯಲ್ಲಿ ಫೋನಿನಲ್ಲಿ ಬರೆಸಿಟ್ಟುಕೊಂಡು ತೋರಿಸಿ.

ಮನೆಯಿಂದ ಒಯ್ಯಬೇಕಾದ್ದು: ಹುರಿಹಿಟ್ಟು, ತೆಳು ಅವಲಕ್ಕಿ, ಚಟ್ನಿಪುಡಿಗಳು, ಬಿಸಿನೀರು ಹಾಕಿದರೆ ಆಗುವ ಉಪ್ಪಿಟ್ಟಿನ ಪೊಟ್ಟಣ. ಹೋಟೆಲ್ ಕೋಣೆಗಳಲ್ಲಿ ಸಾಮಾನ್ಯವಾಗಿ ಕೆಟಲ್ ಇರುತ್ತದೆ. ಒಯ್ಯಬಾರದ್ದು: ಹಸಿ ಕರಿಬೇವು, ವೀಳ್ಯದೆಲೆ, ಹಣ್ಣು, ತರಕಾರಿ, ಬಿತ್ತನೆ ಬೀಜ, ಯಾವುದೇ ರೂಪದ ಮಾಂಸ. ಸಸ್ಯಗಳಿಗೆ ಸರ್ಕಾರಿ ಪ್ರಮಾಣಪತ್ರ ಬೇಕು, ಅದಿಲ್ಲದಿದ್ದರೆ ವಿಮಾನನಿಲ್ದಾಣದಲ್ಲೇ ಹೋಗುತ್ತದೆ. ಊಟವಾದ ಮೇಲೆ ಎಲೆ ಅಡಿಕೆ ಇಲ್ಲದೆ ಆಗದವರು ಒಂದಷ್ಟು ದಿನ ತಡೆದುಕೊಳ್ಳಬೇಕು.

ಪೂರ್ತಿ ನಿಶ್ಚಿಂತೆಯಿಂದ ಉಣ್ಣುವ ಜಾಗ ಒಂದಿದೆ, ಕೋಯಾಸಾನ್ ಬೆಟ್ಟ. ಕೆರೆ ಕಟ್ಟಿಸಿದ ಅದೇ ಕೂಕಾಯಿ 816ರಲ್ಲಿ ಸ್ಥಾಪಿಸಿದ ಮಠಗಳ ಊರು. ಐವತ್ತರಷ್ಟು ಮಠಗಳು ಯಾತ್ರಿಕರಿಗೆ ಕೋಣೆ ಕೊಡುತ್ತವೆ. ಊಟ ‘ಶೋಜಿನ್ ರ್‍ಯೋರಿ’, ಮಾಂಸವಿಲ್ಲ, ಮೀನಿಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಸಾರು ಸಮುದ್ರದ ಪಾಚಿ, ಅಣಬೆಯದು. ಬೆಳಿಗ್ಗೆ ಆರರ ಹೊತ್ತಿಗೆ ಮಠದ ಪ್ರಾರ್ಥನೆಗೆ ಕೂರಬಹುದು. ಒಸಾಕಾದ ನಂಬಾ ನಿಲ್ದಾಣದಿಂದ ರೈಲು, ಕೊನೆಗೆ ಕೇಬಲ್ ಕಾರ್. ಪ್ರವಾಸದ ಕೊನೆಯಲ್ಲಿ ಒಂದು ರಾತ್ರಿ ಇಲ್ಲಿಗೆ ಇಟ್ಟುಕೊಳ್ಳಿ, ಮನೆ ದಾರಿಗೂ ಹತ್ತಿರ.

ಬಿಸಿನೀರಿನ ಸ್ನಾನ, ಹಚ್ಚೆ, ಕಾಲುಂಗುರ

ಆನ್‌ಸೆನ್ ಎಂಬ ಬಿಸಿನೀರ ಬುಗ್ಗೆಯ ಸ್ನಾನಗೃಹಗಳಲ್ಲಿ ಗಂಡಸರು ಹೆಂಗಸರು ಬೇರೆ ಬೇರೆ, ಮೈಮೇಲೆ ಬಟ್ಟೆ ಇರುವಂತಿಲ್ಲ. ನಮ್ಮವರು ಇದಕ್ಕೇ ಹಿಂಜರಿಯುತ್ತಾರೆ. ಅದಕ್ಕಿಂತ ದೊಡ್ಡ ಅಡ್ಡಿ ಹಚ್ಚೆ. ಹಚ್ಚೆ ಇದ್ದವರನ್ನು ಹಲವು ಸ್ನಾನಗೃಹಗಳು ಒಳಗೆ ಬಿಡುವುದಿಲ್ಲ. ಅಲ್ಲಿ ಅದಕ್ಕೆ ರೌಡಿ ಗ್ಯಾಂಗುಗಳ ನಂಟು. ನಮ್ಮ ಹಳ್ಳಿಗಳ ಹಿರಿಯ ಹೆಂಗಸರ ಮುಂಗೈ ಮೇಲೆ, ಹಣೆಯ ಮೇಲೆ ಇರುವ ಹಸಿರು ಹಚ್ಚೆಗೂ ಅದೇ ನಿಯಮ ಅನ್ವಯಿಸಿದರೆ ವಾದ ಮಾಡಿ ಫಲವಿಲ್ಲ. ‘ಕಾಶಿಕಿರಿ’ ಎಂದು ಕೇಳಿ. ಗಂಡ ಹೆಂಡತಿ ಇಬ್ಬರಿಗೇ ತಾಸಿನ ಲೆಕ್ಕದಲ್ಲಿ ಕೊಡುವ ಖಾಸಗಿ ಕೊಠಡಿ. ಸಂಕೋಚವೂ ಇಲ್ಲ, ಹಚ್ಚೆಯ ಪ್ರಶ್ನೆಯೂ ಇಲ್ಲ.

ಗಂಧಕದ ಬುಗ್ಗೆಯಲ್ಲಿ ಇಳಿಯುವ ಮುಂಚೆ ಬೆಳ್ಳಿಯದೆಲ್ಲ ತೆಗೆದಿಡಿ. ಕಾಲುಂಗುರ, ಉಡಿದಾರ, ಬೆಳ್ಳಿಯ ಕರಡಿಗೆ ಎಲ್ಲವೂ ಕ್ಷಣದಲ್ಲಿ ಕಪ್ಪಾಗುತ್ತವೆ. ಬಂಗಾರವನ್ನು ಮನೆಯಲ್ಲೇ ಬಿಟ್ಟು, ತಾಳಿಯಷ್ಟನ್ನೇ ಹಾಕಿಕೊಂಡು ಹೋಗುವುದು ಲೇಸು. ಹೆಚ್ಚು ಒಡವೆ ಹಾಕಿಕೊಂಡೇ ಹೋಗುವವರು ಬೆಂಗಳೂರಿನಲ್ಲಿ ಹೊರಡುವಾಗಲೇ ಕಸ್ಟಮ್ಸ್‌ನಿಂದ ರಫ್ತು ಪ್ರಮಾಣಪತ್ರ ಪಡೆದಿಟ್ಟುಕೊಳ್ಳಬೇಕು. ಇಲ್ಲದಿದ್ದರೆ ವಾಪಸು ಬರುವಾಗ ಇದು ಇಲ್ಲಿಂದಲೇ ಒಯ್ದದ್ದು ಎಂದು ಸಾಧಿಸುವುದು ಕಷ್ಟ.

ಏನು ತರಬೇಕು

ಅನ್ನದ ಕುಕ್ಕರ್ ತರಬೇಡಿ. ಜಪಾನಿನ ವಿದ್ಯುತ್ತು 100 ವೋಲ್ಟ್, ನಮ್ಮದು 230. ಅಲ್ಲಿಯ ಮಾದರಿಯನ್ನು ಇಲ್ಲಿ ಪ್ಲಗ್ಗಿಗೆ ಹಾಕಿದ ದಿನವೇ ಸುಟ್ಟುಹೋಗುತ್ತದೆ. ಹೊರದೇಶದ ಮಾದರಿ ಎಂದು ಕೇಳಿ ಕೊಂಡರೆ ಸರಿ. ತರಲು ಯೋಗ್ಯವಾದದ್ದು ಕಬ್ಬಿಣದ ಸಾಮಾನು. ಒಸಾಕಾದ ಪಕ್ಕದ ಸಕಾಯಿ ಊರು ಚಾಕುಗಳಿಗೆ ಶತಮಾನಗಳಿಂದ ಹೆಸರಾದದ್ದು. ದಾಳಿಂಬೆ ಸವರುವವರಿಗೆ ಅಲ್ಲಿಯ ಕತ್ತರಿ ಒಳ್ಳೆಯ ಉಡುಗೊರೆ. ಅವನ್ನು ಚೆಕ್-ಇನ್ ಬ್ಯಾಗಿನಲ್ಲೇ ಹಾಕಬೇಕು. ಅಲ್ಲಿಯ ಕಲ್ಲಂಗಡಿ, ಟೊಮೆಟೊ ಬೀಜ ತಂದು ಹಾಕಿ ನೋಡೋಣ ಎಂಬ ಆಸೆ ರೈತರಿಗೆ ಸಹಜ. ಪರವಾನಗಿಯಿಲ್ಲದೆ ಬೀಜ ತರುವುದು ನಮ್ಮ ಸಸ್ಯ ಸಂಪರ್ಕನಿಷೇಧ ನಿಯಮಕ್ಕೆ ವಿರುದ್ಧ, ರೋಗವೂ ಜೊತೆಗೆ ಬಂದೀತು.

ಒಂದು ಅಂಗಡಿಯಲ್ಲಿ ತೆರಿಗೆ ಬಿಟ್ಟು 5,000 ಯೆನ್ ಮೀರಿ ಕೊಂಡರೆ ಪ್ರವಾಸಿಗರಿಗೆ ಶೇ 10ರ ತೆರಿಗೆ ಉಳಿಯುತ್ತದೆ. 2026ರ ಅಕ್ಟೋಬರ್ ಕೊನೆಯವರೆಗೆ ಅಂಗಡಿಯಲ್ಲೇ ಕಳೆಯುವ ಪದ್ಧತಿ. ನವೆಂಬರ್ 1ರಿಂದ ಪೂರ್ತಿ ಹಣ ಕೊಟ್ಟು, ಹೊರಡುವಾಗ ವಿಮಾನನಿಲ್ದಾಣದಲ್ಲಿ ವಾಪಸು ಪಡೆಯುವ ಪದ್ಧತಿ. ಅದಕ್ಕೆ ಅರ್ಧ ತಾಸು ಹೆಚ್ಚಿಗೆ ಇಟ್ಟುಕೊಳ್ಳಿ. ಬೆಂಗಳೂರಿನಲ್ಲಿ ಸುಂಕವಿಲ್ಲದೆ ತರಬಹುದಾದ ಮಿತಿ ತಲಾ ಒಬ್ಬರಿಗೆ. ದಂಪತಿ ಎಂದು ಇಬ್ಬರ ಮಿತಿಯನ್ನು ಕೂಡಿಸಿ ಒಂದೇ ದುಬಾರಿ ಕ್ಯಾಮೆರಾಕ್ಕೆ ಹಚ್ಚಲು ಬರುವುದಿಲ್ಲ. 2016ರ ನಿಯಮದಲ್ಲಿ 50,000 ರೂಪಾಯಿ ಇದ್ದ ಆ ಮೊತ್ತ ಬದಲಾಗುವಂಥದ್ದು, ಹೊರಡುವ ವಾರ ಕಸ್ಟಮ್ಸ್ ತಾಣದಲ್ಲಿ ನೋಡಿಕೊಳ್ಳಿ.

ಯೆನ್ ನಾಣ್ಯಗಳನ್ನು ಇಲ್ಲಿ ಯಾರೂ ಬದಲಿಸಿಕೊಡುವುದಿಲ್ಲ. ಕೊನೆಯ ದಿನ ಸುಯಿಕಾ ಅಥವಾ ಇಕೋಕಾ ಕಾರ್ಡಿಗೆ ತುಂಬಿಸಿಯೋ, ಅಂಗಡಿಯಲ್ಲಿ ಎಣಿಸಿ ಕೊಟ್ಟೋ ಮುಗಿಸಿಬಿಡಿ.

ಮನೆ ದಾರಿ

ವಾಪಸಿಗೆ ಎರಡು ಆಯ್ಕೆ. ಬೆಂಗಳೂರಿಗೆ ಟೋಕಿಯೊದ ನರಿಟಾದಿಂದ ಜಪಾನ್ ಏರ್‌ಲೈನ್ಸ್ ನೇರ ಹಾರುತ್ತದೆ. ಒಸಾಕಾದ ಕನ್ಸಾಯ್‌ನಿಂದ ಹೊರಟರೆ ಸಿಂಗಪುರ, ಬ್ಯಾಂಕಾಕ್ ಅಥವಾ ಹಾಂಗ್‌ಕಾಂಗ್‌ನಲ್ಲಿ ಬದಲಿಸಬೇಕು. ಟೋಕಿಯೊಗೆ ಇಳಿದು ಒಸಾಕಾದಿಂದ ಹೊರಡುವ ಟಿಕೆಟ್ ಮಾಡಿಸಿದರೆ ಕಗಾವಾ, ಕೋಯಾಸಾನ್ ನೋಡಿಕೊಂಡು ಅಲ್ಲಿಂದಲೇ ಹೊರಡಬಹುದು, ರೈಲು ಖರ್ಚು ಅರ್ಧ ಉಳಿಯುತ್ತದೆ. ಅರವತ್ತು ದಾಟಿದವರಿಗೆ ನಾನು ನೇರ ವಿಮಾನವನ್ನೇ ಹೇಳುತ್ತೇನೆ. ಆಗ ಒಸಾಕಾದಿಂದ ಟೋಕಿಯೊಗೆ ಹಿಂದಿನ ದಿನವೇ ಬಂದು ತಂಗಬೇಕು. ಒಳನಾಡಿನ ವಿಮಾನ ಹಿಡಿದರೂ ಅದು ಇಳಿಯುವುದು ಹನೆಡಾಕ್ಕೋ ನರಿಟಾಕ್ಕೋ ನೋಡಿಕೊಳ್ಳಿ. ಎರಡೂ ಟೋಕಿಯೊವೇ ಆದರೂ ನಡುವೆ ಬಸ್ಸಿನಲ್ಲಿ ತಾಸಿಗೂ ಮೀರಿದ ದಾರಿ.

ದೊಡ್ಡ ಸೂಟ್‌ಕೇಸ್ ಹೊತ್ತು ರೈಲು ಹತ್ತಿಳಿಯುವ ಅಗತ್ಯವಿಲ್ಲ. ‘ತಕ್ಕ್ಯೂಬಿನ್’ ಎಂಬ ಸಾಮಾನು ಸಾಗಣೆ ಸೇವೆಯವರಿಗೆ ಹೋಟೆಲಿನಲ್ಲೇ ಕೊಟ್ಟರೆ ವಿಮಾನನಿಲ್ದಾಣದ ಕೌಂಟರಿಗೆ ತಲುಪಿಸುತ್ತಾರೆ. ಹೊರಡುವ ದಿನಕ್ಕೆ ಎರಡು ದಿನ ಮುಂಚೆ ಕೊಡಬೇಕು. ಹೆಸರಾಂತ ಕಂಪನಿಯ ಗುರುತು ಮರಿಯನ್ನು ಕಚ್ಚಿಕೊಂಡು ಹೋಗುವ ಕಪ್ಪು ಬೆಕ್ಕು. ಬೆಕ್ಕು ಅಡ್ಡ ಬಂತೆಂದು ಹೊರಟವರು ವಾಪಸು ಮನೆಗೆ ಬರುವ ನಾಡಿನವರು ನಾವು. ಅಲ್ಲಿ ನಿಮ್ಮ ಸಾಮಾನನ್ನೆಲ್ಲ ಅದರ ಬಾಯಿಗೇ ಒಪ್ಪಿಸಬೇಕು. ಪವರ್ ಬ್ಯಾಂಕ್ ಮಾತ್ರ ಸೂಟ್‌ಕೇಸಿನಲ್ಲಿ ಬಿಡಬೇಡಿ. ಜಪಾನಿನ ವಿಮಾನಗಳಲ್ಲಿ 2025ರ ಜುಲೈಯಿಂದ ಅದನ್ನು ತಲೆಯ ಮೇಲಿನ ಅರೆಯಲ್ಲೂ ಇಡುವಂತಿಲ್ಲ, ಕಣ್ಣೆದುರಿಗೇ ಇರಬೇಕು.

ಕೆಂಪೇಗೌಡ ವಿಮಾನನಿಲ್ದಾಣದಲ್ಲಿ ಹೊರದೇಶದ ವಿಮಾನಗಳೆಲ್ಲ 2023ರ ಸೆಪ್ಟೆಂಬರ್‌ನಿಂದ ಎರಡನೇ ಟರ್ಮಿನಲ್‌ನಲ್ಲಿ. ಕರೆದೊಯ್ಯಲು ಬರುವವರಿಗೆ ಇದನ್ನು ಮೊದಲೇ ಹೇಳಿ. ಹೊರಡುವ ಮುಂಚೆ ಕೇಂದ್ರ ಸರ್ಕಾರದ ಫಾಸ್ಟ್ ಟ್ರ್ಯಾಕ್ ಇಮಿಗ್ರೇಷನ್ ಯೋಜನೆಗೆ ನೋಂದಾಯಿಸಿಕೊಂಡಿದ್ದರೆ ಬೆಂಗಳೂರಿನಲ್ಲಿ ಸ್ವಯಂಚಾಲಿತ ಗೇಟಿನಲ್ಲಿ ಬೇಗ ಹೊರಬೀಳಬಹುದು.

ವಿಮಾನ ರಾತ್ರಿ ಇಳಿದರೆ ಅದೇ ರಾತ್ರಿ ಊರಿಗೆ ಹೊರಡಬೇಡಿ. ಬೆಂಗಳೂರಿನ ಗಡಿಯಾರದಲ್ಲಿ ಹನ್ನೆರಡಾದರೆ ನಿಮ್ಮ ಮೈಗೆ ಬೆಳಗಿನ ಮೂರೂವರೆ. ನಿಮ್ಮನ್ನು ಕರೆಯಲು ಊರಿನಿಂದ ಬಂದ ಡ್ರೈವರ್ ಮಧ್ಯಾಹ್ನದಿಂದ ಕಾದಿರುತ್ತಾನೆ. ಶಿರಾ ದಾಟಿದ ಮೇಲೆ ಹಿರಿಯೂರು, ಚಿತ್ರದುರ್ಗದವರೆಗಿನ ನೆಟ್ಟಗಿನ ಹೆದ್ದಾರಿ ನಿದ್ದೆಗಣ್ಣಿನವರಿಗೆ ಒಳ್ಳೆಯದಲ್ಲ, ರಸ್ತೆ ಬದಿಗೆ ನಿಂತ ಲಾರಿಗಳು ಬೇರೆ. ದೇವನಹಳ್ಳಿ ಕಡೆ ಒಂದು ಲಾಡ್ಜ್ ಹಿಡಿದು ಮಲಗಿ, ಬೆಳಿಗ್ಗೆ ಹೊರಟು ತುಮಕೂರಿನಲ್ಲಿ ಇಡ್ಲಿ ತಿಂದು ಬನ್ನಿ. ಆ ಒಂದು ರಾತ್ರಿಯ ಬಾಡಿಗೆಯನ್ನು ಟಿಕೆಟ್ ಖರ್ಚಿನಲ್ಲೇ ಸೇರಿಸಿಟ್ಟುಕೊಳ್ಳಿ.

ಕಾರಿನಲ್ಲಿ ಬರುವವರು ನಗರದೊಳಗೆ ಹೋಗಬಾರದು. ದೇವನಹಳ್ಳಿಯಿಂದ ದೊಡ್ಡಬಳ್ಳಾಪುರದ ಮೇಲೆ ದಾಬಸ್‌ಪೇಟೆಗೆ ಬರುವ ಹೊರವರ್ತುಲ ಹೆದ್ದಾರಿ 2024ರ ಮಾರ್ಚ್‌ನಲ್ಲಿ ಉದ್ಘಾಟನೆಯಾಗಿದೆ; ಹೆಬ್ಬಾಳ, ಗೊರಗುಂಟೆಪಾಳ್ಯ, ನೆಲಮಂಗಲದ ಜಂಜಾಟವೇ ಇಲ್ಲ. ದಾಬಸ್‌ಪೇಟೆಯಲ್ಲಿ 48ನೇ ಹೆದ್ದಾರಿ ಸೇರಿದರೆ ತುಮಕೂರು, ಶಿರಾ, ಹಿರಿಯೂರು. ಹೊಸದುರ್ಗದವರು ಹಿರಿಯೂರಿನಲ್ಲಿ ಪಶ್ಚಿಮಕ್ಕೆ ತಿರುಗಬೇಕು. ಹೊಳಲ್ಕೆರೆಯವರು ಚಿತ್ರದುರ್ಗಕ್ಕೆ ಬಂದು ಶಿವಮೊಗ್ಗ ರಸ್ತೆ ಹಿಡಿಯಬೇಕು. ಬಸ್ಸಿನಲ್ಲಿ ಬರುವವರು ವಿಮಾನನಿಲ್ದಾಣದಿಂದಲೇ ಹೊರಡುವ ಕೆಎಸ್‌ಆರ್‌ಟಿಸಿ ಫ್ಲೈಬಸ್‌ಗಳ ವೇಳಾಪಟ್ಟಿಯನ್ನು ಮೊದಲು ನೋಡಬೇಕು. ಸಮಯ ಹೊಂದದಿದ್ದರೆ ಮೆಜೆಸ್ಟಿಕ್‌ವರೆಗೆ ಹೋಗಿ ಹತ್ತುವುದೇ ವಾಸಿ. ನಡುದಾರಿಯಲ್ಲಿ ನಿಂತು ಕೈಯೊಡ್ಡಿದರೆ ನಾಲ್ಕು ಬ್ಯಾಗ್ ನೋಡಿ ಕಂಡಕ್ಟರ್ ಮುಖ ಸಿಂಡರಿಸುತ್ತಾರೆ.

ರೈಲಿನ ಮಾತು ಹೊಳಲ್ಕೆರೆ, ಹೊಸದುರ್ಗದವರಿಗೆ ಮಾತ್ರ. ಬೆಂಗಳೂರು–ಹುಬ್ಬಳ್ಳಿ ಮಾರ್ಗದಲ್ಲಿ ಬೀರೂರು ದಾಟಿದ ಮೇಲೆ ಹೊಸದುರ್ಗ ರೋಡ್, ಹೊಳಲ್ಕೆರೆ, ಚಿಕ್ಕಜಾಜೂರು ನಿಲ್ದಾಣಗಳಿವೆ; ಎಲ್ಲ ರೈಲೂ ಎಲ್ಲ ಕಡೆ ನಿಲ್ಲುವುದಿಲ್ಲ. ಹೊಸದುರ್ಗ ರೋಡ್ ನಿಲ್ದಾಣ ಊರಿನಿಂದ ದೂರ, ಅಲ್ಲಿಗೆ ವಾಹನ ಹೇಳಿಟ್ಟಿರಬೇಕು. ಚಿತ್ರದುರ್ಗದವರಿಗೆ ಚಿಕ್ಕಜಾಜೂರು ಸುತ್ತಿ ಬರುವುದಕ್ಕಿಂತ ರಸ್ತೆಯೇ ಸಲೀಸು. ತುಮಕೂರು–ಚಿತ್ರದುರ್ಗ–ದಾವಣಗೆರೆ ನೇರ ರೈಲು ಮಾರ್ಗ 2011-12ರ ರೈಲ್ವೆ ಬಜೆಟ್ಟಿನಲ್ಲಿ ಮಂಜೂರಾದದ್ದು. ಟೋಕಿಯೊದಿಂದ ಒಸಾಕಾಕ್ಕೆ 515 ಕಿಲೋಮೀಟರಿನ ಶಿಂಕಾನ್‌ಸೆನ್ ಮಾರ್ಗವನ್ನು 1959ರಲ್ಲಿ ಶುರು ಮಾಡಿ 1964ರ ಅಕ್ಟೋಬರ್ 1ರಂದು ಓಡಿಸಿದ ದೇಶದಿಂದ ಬಂದವರಿಗೆ ಇದನ್ನು ಹೆಚ್ಚು ವಿವರಿಸುವುದು ಬೇಡ.

ಕೊನೆಯದಾಗಿ ಬ್ಯಾಗಿನ ವಿಷಯ. ಬೆಂಗಳೂರಿನ ಬೆಲ್ಟಿನಲ್ಲಿ ಒಂದು ಬ್ಯಾಗ್ ಬರದಿದ್ದರೆ, ನಾಳೆ ಫೋನ್ ಮಾಡೋಣ ಎಂದು ಹೊರಗೆ ಕಾಲಿಡಬೇಡಿ. ಹೊರಬಂದ ಮೇಲೆ ದೂರು ಕೊಡುವುದು ಬಹಳ ಕಷ್ಟ. ಅಲ್ಲೇ ವಿಮಾನ ಕಂಪನಿಯ ಕೌಂಟರಿನಲ್ಲಿ ಬ್ಯಾಗೇಜ್ ದೂರಿನ ಫಾರಂ ತುಂಬಿಸಿ, ನಂಬರು ಬರೆಸಿಕೊಂಡು, ಅದರ ಫೋಟೊ ತೆಗೆದುಕೊಳ್ಳಿ. ವಿಳಾಸದ ಜಾಗದಲ್ಲಿ ಪಿನ್‌ಕೋಡ್, ತಾಲ್ಲೂಕು, ಜಿಲ್ಲೆ ಬಿಡಿಸಿ ಬರೆಯಿರಿ. ಕಾಸರಗೋಡು ಜಿಲ್ಲೆಯಲ್ಲೂ ಒಂದು ಹೊಸದುರ್ಗ ಇದೆ.